ಪರದೆಯ ಹಿಂದಿನ ಯಂತ್ರ

ಬಾರ್ಸಿಲೋನಾದ ಸಾಂಟ್ಸ್ ಮಾರುಕಟ್ಟೆಯಲ್ಲಿ ನನ್ನ ಉಪ್ಪುಮೀನಿನ ಅಂಗಡಿಯ ಎದುರಿಗೇ ಎಂಗ್ರಾಸಿಯಾಳ ಆಲಿವ್ ಅಂಗಡಿ. ತೂಕದಲ್ಲಿ ಅವಳ ಕೈ ಬಿಗಿ, ಮಾತು ಇನ್ನೂ ಬಿಗಿ. ಅವಳ ಬಳಿ ಚೌಕಾಸಿ ಮಾಡಿ ಗೆದ್ದವರಿಲ್ಲ. ಸೋತವರಲ್ಲಿ ಈ ಪೊನ್ಸ್, ಅಂದರೆ ನಾನೂ ಒಬ್ಬ.

ಅವಳ ಗಂಡ ಗಾಸ್ಪಾರ್ ಬಸ್ ಓಡಿಸುತ್ತಿದ್ದವನು. ಅಲ್ಝೈಮರ್ಸ್ ಹಿಡಿದ ಮೇಲೆ ಮೊದಲು ನಿಲ್ದಾಣಗಳನ್ನು ಮರೆತ, ಆಮೇಲೆ ನಮ್ಮನ್ನೆಲ್ಲ. ಕೊನೆಗೆ ಹೆಂಡತಿಯನ್ನೂ 'ಅಮ್ಮಾವ್ರೇ' ಎಂದು ಕರೆಯತೊಡಗಿದ. ಮದುವೆಯಾದ ಮೇಲೆ ಇದೇ ಮೊದಲು ನನಗೆ ಮರ್ಯಾದೆ ಸಿಕ್ಕಿದ್ದು ಎಂದು ಅವಳು ನಕ್ಕಳು. ನಾನು ನಗಲಿಲ್ಲವೆಂದು ಬೈದಳು.

ಆಸ್ಪತ್ರೆಯವರು ಅವನನ್ನು ಒಂದು ಪ್ರಯೋಗಕ್ಕೆ ಸೇರಿಸಿಕೊಂಡರು. ರಕ್ತದಲ್ಲಿನ ತಿಳಿನೀರನ್ನು, ಅವರು ಪ್ಲಾಸ್ಮಾ ಅನ್ನುವುದನ್ನು, ತೆಗೆದು ಅದರ ಜಾಗಕ್ಕೆ ಬೇರೆ ತುಂಬುವ ಚಿಕಿತ್ಸೆ. ಆದರೆ ಕೆಲವರಿಗಷ್ಟೇ ನಿಜವಾದದ್ದು. ಉಳಿದವರಿಗೆ ಸೂಜಿ, ಪರದೆ, ಅದರ ಹಿಂದೆ ಯಂತ್ರದ ಸದ್ದು, ಎಲ್ಲವೂ ನಾಟಕ. ಯಾರಿಗೆ ಯಾವುದೆಂದು ಮನೆಯವರಿಗೆ ಹೇಳುವಂತಿಲ್ಲ. ಮುಚ್ಚಿದ ಡಬ್ಬಿ ಮಾರುವ ಈ ವ್ಯಾಪಾರ ನನಗೆ ಹಿಡಿಸಲಿಲ್ಲ. ಎಂಗ್ರಾಸಿಯಾಳಿಗೆ ಅದರಲ್ಲೇ ಲಾಭ ಕಂಡಿತು. ತಿಂಗಳುಗಟ್ಟಲೆ ಹೋದರೂ ಅವನಿಗೆ ಅವಳ ಗುರುತು ಹತ್ತದಿದ್ದಾಗ, ಇವನಿಗೆ ಸಿಕ್ಕಿರುವುದು ನಾಟಕದ್ದೇ, ಪ್ರಯೋಗ ಮುಗಿದ ಮೇಲೆ ಅಸಲಿಯದು ಕೊಡುತ್ತಾರೆ, ಆಗ ನೋಡು ಅನ್ನುತ್ತಿದ್ದಳು. ಆ 'ಆಗ' ಅನ್ನುವುದೊಂದೇ ಅವಳ ಮನೆಯಲ್ಲಿದ್ದ ಜೊತೆ.

ಒಂದು ಸಲ, ಆಸ್ಪತ್ರೆಯಿಂದ ಬಂದ ಮರುದಿನ, ಅವಳು ಅವನ ಗಡ್ಡ ಬೋಳಿಸುವಾಗ ಬ್ಲೇಡು ತಾಗಿತು. ಚಿಕ್ಕ ಗಾಯ, ರಕ್ತ ಮಾತ್ರ ನಿಲ್ಲಲೊಲ್ಲದು. ಬಡಾವಣೆಯ ಚಿಕಿತ್ಸಾಲಯಕ್ಕೆ ನಾನೂ ಜೊತೆಗೆ ಹೋದೆ. ಅಲ್ಲಿನ ವೈದ್ಯೆ ಪ್ರಯೋಗದ ವಿಷಯ ಕೇಳಿ ತಿಳಿದು, ಕೂಡಲೇ ರಕ್ತಪರೀಕ್ಷೆ ಮಾಡಿಸಿ, ಗಾಬರಿ ಬೇಡ ಎಂದರು. ರಕ್ತ ಹೆಪ್ಪುಗಟ್ಟಿಸುವ ಅಂಶ ಇಳಿದಿದೆ, ಪ್ಲಾಸ್ಮಾ ಬದಲಿಸಿದ ಮೇಲೆ ಹೀಗಾಗುವುದುಂಟು, ಕೆಲವು ದಿನದಲ್ಲಿ ತಾನಾಗಿ ಏರುತ್ತದೆ.

"ಅಂದ್ರೆ ಇವನಿಗೆ ನಿಜವಾಗ್ಲೂ ಬದಲಾಯಿಸ್ತಿದಾರೆ?" ಎಂಗ್ರಾಸಿಯಾ ಕೇಳಿದಳು.

ಆಡಬಾರದ್ದನ್ನು ಆಡಿದೆನೆಂದು ವೈದ್ಯೆಗೆ ಆಗ ಹೊಳೆಯಿತು. ಹತ್ತಿ ಹುಡುಕತೊಡಗಿದರು.

ಹೊರಗೆ ಬಂದು, ಒಳ್ಳೆಯದೇ ಆಯಿತಲ್ಲ, ಅಸಲಿ ಮಾಲೇ ಸಿಕ್ಕಿದೆ ಎಂದೆ. ಅಷ್ಟು ದಡ್ಡ ಮಾತನ್ನು ನಾನು ಗಿರಾಕಿಗಳೆದುರು ಕೂಡ ಆಡಿದವನಲ್ಲ.

"ಪೊನ್ಸ್, ಅಸಲಿದು ಕೊಟ್ಟೂ ಹೀಗಿದಾನೆ ಅಂದ್ರೆ ನಾನಿನ್ನು ಯಾವುದಕ್ಕೆ ಕಾಯ್ಲಿ?"

ಗಲ್ಲಕ್ಕೆ ಹತ್ತಿ ಒತ್ತಿಕೊಂಡಿದ್ದ ಗಾಸ್ಪಾರ್, ಅಮ್ಮಾವ್ರ ಕಡೆಯವರು ಯಾರೂ ಬಂದಿಲ್ಲವೇ ಎಂದು ನನ್ನನ್ನು ವಿಚಾರಿಸಿದ.

ಇನ್ನು ಅವಳು ಆಸ್ಪತ್ರೆಗೆ ಹೋಗುವುದನ್ನು ಬಿಡುತ್ತಾಳೆಂದುಕೊಂಡಿದ್ದೆ. ಮುಂದಿನ ಸರದಿಗೆ ಎಂದಿನಂತೆ ಆಲಿವ್ ಪೀಪಾಯಿಗಳಿಗೆ ಬಟ್ಟೆ ಹೊದಿಸಿ ಅವನನ್ನು ಕರೆದುಕೊಂಡು ಹೊರಟಳು. ಯಾಕೆ ಎಂದು ಕೇಳಿದೆ.

"ಮನೇಲಿ ಪಕ್ಕ ಕೂತ್ರೆ ಎದ್ದು ಹೋಗ್ತಾನೆ ಕಣೋ. ಅಲ್ಲಿ ಸೂಜಿ ಅಂದ್ರೆ ಹೆದರಿಕೆ. ಮುಗಿಯೋವರೆಗೂ ನನ್ನ ಕೈ ಬಿಡೋದಿಲ್ಲ."