ಕಡೂರಿನಲ್ಲಿ ಸದಾ ಸರಿಯಿರುತ್ತಿದ್ದ ಬಿಪಿ

ಬೆಳಿಗ್ಗೆ ಎದ್ದರೆ ನಮ್ಮ ಮನೆಯಲ್ಲಿ ಜಗಳ. ಒಂದು ಸಣ್ಣ ಬಿಪಿ ಮಾತ್ರೆ, ಕಡಲೆಬೇಳೆಗಿಂತ ಚಿಕ್ಕದು. ಅದನ್ನು ನನ್ನ ಗಂಡನಿಗೆ ನುಂಗಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿರುತ್ತದೆ.

“ಆಗ್ಲೇ ನುಂಗಿದ್ನಲ್ಲೇ! ಎಷ್ಟ್ ಸಲ ಕೊಡ್ತೀಯ? ಸಾಯಿಸ್ಬೇಕು ಅಂತ ಮಾಡಿದೀಯಾ?” ಎನ್ನುತ್ತಾರೆ.

“ಸಾಯ್ಸೋಕೆ ಇಷ್ಟು ಸಣ್ಣ ಮಾತ್ರೆ ಸಾಲಲ್ಲ ಕಣ್ರೀ” ಎಂದು ನಾನೂ ರೇಗುತ್ತೇನೆ. ಮೊದಮೊದಲು ಅತ್ತು ಕರೆದು ರಮಿಸುತ್ತಿದ್ದೆ. ಈಗ ಅಳುವುದಕ್ಕೂ ಸುಸ್ತು.

ನಮ್ಮದು ಅಜ್ಜಂಪುರ. ಅವರು ಪ್ರೈವೇಟ್ ಬಸ್ಸಿನ ಡ್ರೈವರ್ ಆಗಿದ್ದವರು. ತರೀಕೆರೆ, ಬೀರೂರು, ಕಡೂರು ಎಂದು ದಿನವಿಡೀ ಅದೇ ರಸ್ತೆ. ಯಾವ ಹಳ್ಳಿಯ ಗೇಟಿನಲ್ಲಿ ಯಾವ ಅಜ್ಜಿ ಕೈ ಅಡ್ಡ ಹಾಕುತ್ತಾಳೆಂದು ಗೊತ್ತಿದ್ದ ಮನುಷ್ಯ, ಈಗ ಬಚ್ಚಲಿಗೆಂದು ಹೊರಟು ಅಡುಗೆಮನೆಯಲ್ಲಿ ನಿಂತಿರುತ್ತಾರೆ.

ಬಿಪಿ ಇದೆಯೆಂದು ಗೊತ್ತಾಗಿದ್ದು ಅವರಿಗೆ ನಲವತ್ತು ದಾಟಿದ ಹೊಸದರಲ್ಲಿ. ಕಡೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ನುಂಗಲೇಬೇಕು, ಆಗಾಗ ಬಂದು ತೋರಿಸಬೇಕು ಎಂದರು. ಇವರೋ ಮೊದಲ ಟ್ರಿಪ್ಪಿಗೆ ಖಾಲಿ ಹೊಟ್ಟೆಯಲ್ಲಿ ಹೊರಡುವವರು. “ದಾರೀಲಿ ತಿಂಡಿ ಆದ್ಮೇಲೆ ನುಂಗ್ತೀನಿ ಬಿಡು” ಎಂದು ಮಾತ್ರೆಗಳನ್ನು ಬಸ್ಸಿನಲ್ಲೇ ಇಟ್ಟುಕೊಂಡರು. ತೋರಿಸಲು ಹೋಗುವಾಗ ಮಾತ್ರ ನಾನೂ ಜೊತೆಗೆ ಹೋಗುತ್ತಿದ್ದೆ. ನಮ್ಮಪ್ಪ ಬಿಪಿ ಏರಿ, ಲಕ್ವ ಹೊಡೆದು ಹೋದವರು. ಆ ಭಯ ನನಗೆ. ಡಾಕ್ಟರು “ಕಂಟ್ರೋಲ್‌ನಲ್ಲಿದೆ” ಎಂದಮೇಲೆಯೇ ನನಗೆ ಉಸಿರು. ಹೋದಾಗಲೆಲ್ಲ ಹಾಗೇ ಅನ್ನುತ್ತಿದ್ದರು.

ಹಾಗಾಗಿ ಮರೆವು ಶುರುವಾದಾಗ ಬಿಪಿಯ ಮೇಲೆ ನನಗೆ ಅನುಮಾನವೇ ಬರಲಿಲ್ಲ. ತರೀಕೆರೆಯ ಡಾಕ್ಟರು ತಲೆಯ ಸ್ಕ್ಯಾನ್ ನೋಡಿ ಇದು ಅಲ್ಜೈಮರ್ ಕಾಯಿಲೆ ಎಂದರು. ಮೆದುಳಿನ ಸಣ್ಣ ರಕ್ತನಾಳಗಳೂ ಹಾಳಾಗಿವೆ ಎಂದರು. “ಬಹಳ ವರ್ಷ ಬಿಪಿ ಏರಿಯೇ ಇದ್ದಂಗಿದೆ ನೋಡಮ್ಮ. ನಡುವಯಸ್ಸಲ್ಲಿ ಹಂಗೇ ಬಿಟ್ರೆ ಮುಂದೆ ಈ ಕಾಯಿಲೆ ಬರೋ ಸಾಧ್ಯತೆ ಜಾಸ್ತಿ. ಅದೊಂದೇ ಕಾರಣ ಅಂತ ಹೇಳಕ್ಕಾಗಲ್ಲ. ಮಾತ್ರೆ ಸರಿಯಾಗಿ ತಗೋತಿದ್ರಾ?”

ನನಗೆ ಮೈಯೆಲ್ಲ ಉರಿಯಿತು. “ಒಂದ್ಸಲಾನೂ ಜಾಸ್ತಿ ಬಂದಿಲ್ಲ ಸಾರ್, ಬೇಕಾದ್ರೆ ಕಡೂರಲ್ಲಿ ಕೇಳಿ” ಎಂದು ಜೋರು ಮಾಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹೋದ ನೆನಪು ವಾಪಸ್ ಬರುವುದಿಲ್ಲ, ಈಗಲಾದರೂ ಬಿಪಿ ಹಿಡಿತದಲ್ಲಿದ್ದರೆ ಉಳಿದದ್ದು ಸ್ವಲ್ಪ ನಿಧಾನವಾಗಿ ಹೋದರೂ ಹೋದೀತು ಎಂದರು. ಅಷ್ಟು ಆಸೆಗೇ ನಾನು ದಿನಾ ಜಗಳಕ್ಕೆ ನಿಲ್ಲುವುದು. ಏನೇ ಮರೆತರೂ ನನ್ನ ಗುರುತು ಇನ್ನೂ ಹಿಡಿಯುತ್ತಿದ್ದರು. ಅದೊಂದು ಉಳಿದರೆ ನನಗೆ ಸಾಕಿತ್ತು.

ಬಿಪಿ ನೋಡುವ ಮಿಷನ್ನನ್ನೂ ಮನೆಗೆ ತಂದೆ. ಮೊನ್ನೆ ತಿಂಡಿಯಾದ ಮೇಲೆ ಅವರ ತೋಳಿಗೆ ಪಟ್ಟಿ ಸುತ್ತುತ್ತಿದ್ದೆ. ಅಂದು ಜಗಳವೇ ಇಲ್ಲ, ಕೊಟ್ಟ ಮಾತ್ರೆಯನ್ನು ತೆಪ್ಪಗೆ ನುಂಗಿದ್ದರು. ಅಂತೂ ಬುದ್ಧಿ ಬಂತಲ್ಲಪ್ಪಾ ಅಂದುಕೊಳ್ಳುವಷ್ಟರಲ್ಲಿ ನನ್ನ ಮುಖ ನೋಡಿ, “ಸಿಸ್ಟ್ರೇ, ಇವತ್ತು ಜಾಸ್ತಿ ಬಂದ್ರೆ ಡಾಕ್ಟ್ರಿಗೆ ಹೇಳ್ಬೇಡಿ” ಎಂದರು.

ನನ್ನನ್ನು ಕಡೂರಿನ ಆಸ್ಪತ್ರೆಯ ನರ್ಸ್ ಎಂದುಕೊಂಡಿದ್ದರು. ಆದರೂ, “ಯಾಕೆ ಜಾಸ್ತಿ ಬರುತ್ತೆ?” ಎಂದೆ.

“ಇಲ್ಲಿಗೆ ಬರೋಕೆ ನಾಕೈದು ದಿನ ಮುಂಚಿಂದ ಮಾತ್ರ ಮಾತ್ರೆ ನುಂಗ್ತೀನಿ ನಾನು. ಈ ಸಲ ಅದೂ ಮರ್ತೋಯ್ತು” ಎಂದು ದನಿ ತಗ್ಗಿಸಿದರು. “ಆರ್‌ಟಿಓ ಆಫೀಸಲ್ಲಿ ಬಸ್ಸು ತೋರ್ಸಿ ಎಫ್‌ಸಿ ಮಾಡ್ಸೋವಾಗ ಬೇರೆ ಗಾಡಿಯಿಂದ ಒಳ್ಳೆ ಟೈರು ಬಿಚ್ಚಿ ಹಾಕ್ತೀವಲ್ಲ, ಪಾಸಾದ್ಮೇಲೆ ಹಳೇ ಟೈರಲ್ಲೇ ಓಡಿಸ್ತೀವಲ್ಲ, ಹಂಗೆ.” ಹೇಳಿ ತಾವೇ ನಕ್ಕರು.

ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಅಷ್ಟು ವರ್ಷ! “ಮಿಕ್ಕ ದಿನ ನುಂಗೋಕೆ ಏನ್ ರೋಗ ಬಂದಿತ್ತು?” ಎಂದುಬಿಟ್ಟೆ.

“ನುಂಗಿದ್ರೆ ಸ್ಟೇರಿಂಗ್ ಹಿಡ್ದಾಗ ತಲೆ ಗಿಮ್ ಅನ್ನುತ್ತೆ ಸಿಸ್ಟ್ರೇ. ಹಿಂದೆ ಜನ ಕೂತಿರ್ತಾರೆ. ನಮ್ಮನೆಯವಳಿಗೆ ಹೇಳಿದ್ರೆ ಹೆದ್ರಿ ಸಾಯ್ತಾಳೆ, ಅವಳಪ್ಪ ಹಿಂಗೇ ಹೋಗಿದ್ದು. ಡಾಕ್ಟ್ರು ಸರಿಯಿದೆ ಅಂದ ದಿನ ನೀವು ಅವಳ ಮುಖ ನೋಡ್ಬೇಕು. ಅಜ್ಜಂಪುರ ಬರೋವರ್ಗೂ ನಗ್ತಾನೇ ಇರ್ತಾಳೆ.”

ಬೈಯುವುದಕ್ಕಾದರೂ ಗಂಡ ಎದುರಿಗಿರಬೇಕಲ್ಲ. ಪಟ್ಟಿ ಬಿಚ್ಚಿದೆ. ಎಷ್ಟಿದೆ ಎಂದು ಕೇಳಿದರು. ಸರಿಯಿದೆ ಎಂದೆ.

“ಬತ್ತೀನಿ ಸಿಸ್ಟ್ರೇ. ಪಾಪ, ಹೊರಗೆ ಕಾಯ್ತಾ ಕೂತಿದಾಳೆ” ಎಂದು ಎದ್ದರು. ಬಾಗಿಲು ದಾಟಿ ಜಗಲಿ ನೋಡಿದರು. ಯಾರೂ ಇರಲಿಲ್ಲ. “ಲೇ, ಎಲ್ಲಿಗೋದ್ಯೇ?” ಎಂದು ಕರೆಯುತ್ತ ಬೀದಿಗಿಳಿದರು.

ನಾನು ಹಿಂದೆಯೇ ಓಡಿ, “ಇಲ್ಲೇ ಇದೀನಿ ಬನ್ರೀ” ಎಂದೆ.

ಅವರು ತಿರುಗಿ ನೋಡಿ, “ನೀವಲ್ಲ ಸಿಸ್ಟ್ರೇ” ಎಂದರು.