ಬತ್ತೀನಿ ಅನ್ನದ ಮನೆ

ಮಾತಿಲ್ಲದ ಮನೆಗೆ ನನ್ನನ್ನು ಕೊಟ್ಟರು ಎಂದು ಮದುವೆಯಾದ ಹೊಸತರಲ್ಲಿ ಅಪ್ಪನನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೇನೋ ಲೆಕ್ಕವಿಲ್ಲ. ನಮ್ಮದು ಬಂಗಾರಪೇಟೆಗೆ ಹತ್ತಿರದ ಹಳ್ಳಿ. ರಾಗಿ ಹೊಲ, ಎಮ್ಮೆಗಳು, ಮನೆ ತುಂಬ ಬಾಯಿ. ಅಮ್ಮ ಬಾವಿಗೆ ಹೊರಟರೂ 'ಬತ್ತೀನಿ' ಅನ್ನುತ್ತಿದ್ದಳು. ಒಳಗಿದ್ದವರು ಯಾರಾದರೂ 'ಓಗ್ಬಾ' ಅನ್ನಲೇಬೇಕು. ಅನ್ನದಿದ್ದರೆ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಹೊಸ್ತಿಲಲ್ಲೇ ನಿಂತು, "ಮನೇಲಿರೋರೆಲ್ಲ ಮೂಗ್ರಾಗೋದ್ರಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ನಾನು ಅವಳ ಮಗಳೇ.

ಅರವತ್ತರ ದಶಕ ಆಗಿನ್ನೂ ಶುರುವಾಗಿತ್ತು. ಕೆ.ಜಿ.ಎಫ್.ನ ಗಣಿಯವರ ಲೈನಿಗೆ, ಒಂದೇ ಗೋಡೆ ಹಂಚಿಕೊಂಡ ಸಾಲುಮನೆಗಳಲ್ಲೊಂದಕ್ಕೆ, ಸೊಸೆಯಾಗಿ ಬಂದೆ. ಅತ್ತೆ ಮಾವ ತೀರಿಕೊಂಡಿದ್ದರು. ಮನೆಯಲ್ಲಿ ನಾವಿಬ್ಬರೇ. ಸುತ್ತ ತಮಿಳು, ನಡುನಡುವೆ ತೆಲುಗು. ತೆಲುಗು ಅಷ್ಟಿಷ್ಟು ತಿಳಿಯುತ್ತಿತ್ತು, ತಮಿಳು ಸುತರಾಂ ಇಲ್ಲ. ಕನ್ನಡ ಆಡುವವರು ನಮ್ಮ ಸಾಲಿನಲ್ಲಿ ಒಬ್ಬರೇ ಒಬ್ಬರು, ನನ್ನ ಗಂಡ. ಅವರೋ ಬಾಯಿ ಬಿಡುವವರಲ್ಲ.

ಅವರದು ಗಣಿಯ ಆಳದಲ್ಲಿ ಬಂಡೆ ಕುಸಿಯದಂತೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವ ಕೆಲಸ. ಕೆಳಗೆ ಬಂಡೆ ಕೊರೆಯುವ ಮೆಷಿನ್ನಿನ ಸದ್ದಿಗೆ ಪಕ್ಕದವನು ಕಿರುಚಿದರೂ ಕೇಳಿಸದಂತೆ. ತಲೆಯ ಟೋಪಿಗೆ ಸಿಕ್ಕಿಸಿದ ದೀಪವನ್ನು ಹೀಗೆ ಆಡಿಸಿದರೆ ನಿಲ್ಲು, ಹಾಗೆ ಆಡಿಸಿದರೆ ಬಾ. ಆ ಅಭ್ಯಾಸ ಮನೆಗೂ ಬಂದಿತ್ತು. ಸಾರಿಗೆ ಉಪ್ಪು ಸಾಲದಿದ್ದರೆ ತಟ್ಟೆಯ ಅಂಚನ್ನು ಬೆರಳಿನಿಂದ ತಟ್ಟುವರು. ಸಾಕೆಂದರೆ ಅಂಗೈ ಅಡ್ಡ. ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ತಿರುಗಿ ಒಂದು ಸಲ ತಲೆ ಆಡಿಸುವರು, ಅಷ್ಟೇ. ಬತ್ತೀನಿ ಎಂಬ ಒಂದು ಮಾತು ಇಲ್ಲ.

ಒಂದು ರಾತ್ರಿ ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟೆ. "ಓಗ್ವಾಗ ಬತ್ತೀನಿ ಅಂದ್ರೆ ಗಂಟೇನೋಯ್ತದೆ? ಬಾಯ್ಬಿಟ್ಟು ಯೋಳಿ."

ತುತ್ತು ನುಂಗಿ ಹೇಳಿದರು, "ಒಳಕ್ಕಿಳಿಯೋನು ಬತ್ತೀನಿ ಅನ್ಬಾರ್ದು ಕಣೇ. ನಮ್ಮಪ್ಪನೂ ಅಂದಿಲ್ಲ. ಭೂಮ್ತಾಯಿ ಕೇಳಿಸ್ಕೊಂಡ್ರೆ, ಇವ್ನು ಬರಾದ್ನ ಇವ್ನೇ ತೀರ್ಮಾನ ಮಾಡ್ದ ಅಂತ ಸಿಟ್ಟಾಯ್ತಾಳೆ."

ನನಗೆ ರೇಗಿತು. ಬತ್ತೀನಿ ಅನ್ನದೆ ಹೊರಟವರು ಬರುವುದೇ ಇಲ್ಲವೇನೋ ಎಂದು ಹೆದರುವ ಮನೆಯಲ್ಲಿ ಬೆಳೆದವಳು ನಾನು. ಅದನ್ನು ಹೇಳಿದರೆ ಅಪಶಕುನ ಎನ್ನುವ ಮನೆಗೆ ಬಂದು ಬಿದ್ದಿದ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಗೋಡೆ ಜೊತೆ ಸಂಸಾರ ಮಾಡಿದ ಹಾಗಾಯಿತು ಎಂದೂ ಅಂದೆ. ಬೆಳಿಗ್ಗೆ ಅವರು ಊಟದ ಕ್ಯಾರಿಯರ್ ಹಿಡಿದು ಬಾಗಿಲಿಗೆ ಬಂದಾಗ ನಾನು ಬೇಕೆಂದೇ ಒಲೆಯ ಕಡೆ ಮುಖ ಮಾಡಿ ಕುಳಿತಿದ್ದೆ. ತಲೆ ಆಡಿಸಿದರೋ ಇಲ್ಲವೋ ನೋಡಲಿಲ್ಲ.

ಅವತ್ತು ಮಧ್ಯಾಹ್ನ ಅಮ್ಮನಿಗೆ ಕಾರ್ಡು ಬರೆಯಲು ಕುಳಿತೆ. ನಮ್ಮ ಮೇಷ್ಟರು ಕಲಿಸಿದ ಹಾಗೆ ಮೊದಲ ಸಾಲು 'ಇತ್ತ ನಾವೆಲ್ಲರೂ ಕ್ಷೇಮ' ಎಂದೇ. ಜ್ವರ ಬಂದು ಮಲಗಿದ್ದರೂ ಆ ಸಾಲು ಬದಲಾಗುತ್ತಿರಲಿಲ್ಲ. ಅದನ್ನು ಬರೆದು ಮುಗಿಸಿರಲಿಲ್ಲ, ಕೆಳಗಿನಿಂದ ನೆಲ ಒಮ್ಮೆ ದಡ್ಡೆಂದು ಗುದ್ದಿತು. ಗೂಡಿನ ಪಾತ್ರೆಗಳು ಉರುಳಿದವು. ಮಾಡಿನಿಂದ ಮಣ್ಣು ಉದುರಿ ಕಾರ್ಡಿನ ಮೇಲೆ ಬಿತ್ತು.

ಹೊರಗೆ ಬಂದೆ. ಸಾಲಿನ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಒಬ್ಬರೂ ಕೂಗಲಿಲ್ಲ, ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲ. ಪಕ್ಕದ ಮನೆಯ ಅಕ್ಕ ತಮಿಳಿನವರು. ಅವರ ಗಂಡನಿಗೆ ಮೇಲಿನ ವರ್ಕ್‌ಶಾಪಿನಲ್ಲಿ ಕೆಲಸ. ಅವರು ಬಗ್ಗಿ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದರು, ಮತ್ತೆ ಅದುರುತ್ತದೆಯೇ ಎಂದು ನೋಡುವುದಕ್ಕೆ. ಆಮೇಲೆ ಎದ್ದು ನನ್ನ ಮುಖ ನೋಡಿ ಕೈ ಹಿಡಿದುಕೊಂಡರು. ಒಳಗೆ ಬಂಡೆ ಸಿಡಿದಿದೆ ಎಂದು ಆ ಹಿಡಿತದಿಂದಲೇ ತಿಳಿಯಿತು.

ಅಕ್ಕನೊಡನೆ ಓಡಿ ಹೋದಾಗ ಗಣಿಯ ಗೇಟಿನ ಮುಂದೆ ಜನ ಸೇರಿದ್ದರು. ಬೋರ್ಡಿಗೆ ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ಅಂಟಿಸಿದರು. ಹಳ್ಳಿಯಲ್ಲಿ ಯಾರ ಮನೆಗೆ ಕಾಗದ ಬಂದರೂ ಓದಿ ಹೇಳುತ್ತಿದ್ದವಳು ನಾನು. ಇಲ್ಲಿ ಆ ಹಾಳೆಯ ಮುಂದೆ ಕಣ್ಣು ಬಿಟ್ಟುಕೊಂಡು ನಿಂತೆ. ಗುಮಾಸ್ತರೊಬ್ಬರು ಅದನ್ನು ತಮಿಳಿನಲ್ಲಿ ಗಡಗಡನೆ ಹೇಳಿ ಒಳಗೆ ಹೋದರು. ಕೇಳಿಸಿಕೊಂಡವರ ಮುಖಗಳನ್ನೇ ನೋಡಿದೆ. ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡರೆ ನಾನು ಅಕ್ಕನ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ಇನ್ನೊಬ್ಬಾಕೆ ಎದೆ ನೀವಿಕೊಂಡು ಉಸಿರು ಬಿಟ್ಟರೆ ಜೀವ ಬರುತ್ತಿತ್ತು. ಗುಂಪು ಗುಂಪಾಗಿ ಗಂಡಸರು ಮೇಲೆ ಬಂದರು. ಅವರಲ್ಲಿ ನನ್ನವರಿರಲಿಲ್ಲ.

ಹೊತ್ತು ಇಳಿದಾಗ ಅಕ್ಕ ನನ್ನ ತೋಳು ಎಳೆದರು. ನಾನು ಬರುವುದಿಲ್ಲವೆಂದೆ. ಅವರು ಕಡ್ಡಿ ಗೀರುವ ಹಾಗೆ ಬೆರಳಾಡಿಸಿ ಮನೆಯ ಕಡೆ ತೋರಿಸಿದರು. ಗಂಡ ಕೆಳಗಿರುವಾಗ ಮುಸ್ಸಂಜೆಯಲ್ಲಿ ಮನೆ ದೀಪವಿಲ್ಲದೆ ಇರಬಾರದು. ಅದಕ್ಕೆ ಎದುರು ಹೇಳಲು ನನಗೂ ಧೈರ್ಯವಾಗಲಿಲ್ಲ.

ದೀಪ ಹಚ್ಚಿ ಎದ್ದೆ. ಬಾಗಿಲಲ್ಲಿ ನನ್ನ ಗಂಡನ ಜೊತೆ ಕೆಲಸ ಮಾಡುವ ಒಬ್ಬ ನಿಂತಿದ್ದ. ಹಿಂದೆ ಒಂದೆರಡು ಸಲ ಅವರೊಡನೆ ನೋಡಿದ್ದೆ. ತಮಿಳಿನವನು, ಮನೆ ಕೆ.ಜಿ.ಎಫ್.ನಲ್ಲೇ ಆಚೆಯ ಕೋರಮಂಡಲ್ ಬಡಾವಣೆಯ ಕಡೆ. ಮೈಯೆಲ್ಲ ಬಂಡೆಯ ಧೂಳು. ಕೈಯಲ್ಲಿ ನಮ್ಮ ಕ್ಯಾರಿಯರ್. ಅದನ್ನು ಮೆಟ್ಟಿಲ ಮೇಲಿಟ್ಟು, ತಲೆಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ತಲೆ ತಗ್ಗಿಸಿ ನಿಂತ. ಒಳಗೆ ಬರಲು ಕೈ ತೋರಿಸಿದೆ, ಬರಲಿಲ್ಲ. ನೀರಿನ ಚೊಂಬು ಚಾಚಿದೆ, ಬೇಡವೆಂದು ಕೈಯಾಡಿಸಿದ.

ನಮ್ಮ ಹಳ್ಳಿಯಲ್ಲಿ ಸಾವಿನ ಸುದ್ದಿ ತರುವವನು ಬಾಯಿಂದ ಹೇಳುವುದಿಲ್ಲ. ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಲ್ಲುತ್ತಾನೆ. ಹೊಸ್ತಿಲು ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ. ಅಜ್ಜ ಹೋದಾಗ, ಸೋದರತ್ತೆ ಹೋದಾಗ, ಬಂದವನು ಹಾಗೆಯೇ ನಿಂತಿದ್ದ. ಇನ್ನು ಕೇಳುವುದೇನಿತ್ತು? ನಾನು ಅರಚಿದೆ. ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದೆ. ಬಲಗೈಯ ಕೆಂಪು ಬಳೆಗಳೆಲ್ಲ ಚೂರಾಗಿ ಅವನ ಕಾಲ ಬಳಿ ಬಿದ್ದವು.

ಅವನು ಬೆಚ್ಚಿ ಹಿಂದಕ್ಕೆ ಹೋದ. "ಇಲ್ಲೆ ತಂಗಚ್ಚಿ, ಇಲ್ಲೆ, ಇಲ್ಲೆ!" ಎಂದು ಎರಡು ಕೈಯನ್ನೂ ಜೋರಾಗಿ ಆಡಿಸತೊಡಗಿದ. ಅವನು 'ಹಾಗಲ್ಲ ತಂಗೀ' ಎಂದದ್ದು ನನಗೆ ಅವರು ಇಲ್ಲ ಎಂದ ಹಾಗೆಯೇ ಕಂಡಿತು. ಅಳು ಕೇಳಿ ಅಕ್ಕ ಓಡಿಬಂದರು. ಅವನು ತಮಿಳಿನಲ್ಲಿ ಬಡಬಡಿಸಿದ. ಅಕ್ಕ ನನ್ನ ಗದ್ದ ಹಿಡಿದೆತ್ತಿ, ತಮ್ಮ ಮೂಗಿನ ಮುಂದೆ ಬೆರಳಿಟ್ಟು ಜೋರಾಗಿ ಉಸಿರು ಬಿಟ್ಟು ತೋರಿಸಿದರು. ಉಸಿರಿದೆ. ಮತ್ತೆ ನೆಲ ತೋರಿಸಿದರು, ಎರಡು ಕೈ ಮೇಲೆತ್ತಿ ಭಾರ ತಡೆದು ನಿಂತವರ ಹಾಗೆ ನಿಂತರು. ಕುಸಿದ ಕಡೆ ದಿಮ್ಮಿ ಕೊಡಲು ನನ್ನವರು ಕೆಳಗೇ ಉಳಿದಿದ್ದರು. ಅತ್ತ ಸಿಕ್ಕಿಕೊಂಡವರನ್ನು ಹೊರಗೆ ತರುವವರೆಗೆ ಬರುವ ಹಾಗಿರಲಿಲ್ಲ.

ಅವನು ಒಳಗೆ ಬರದಿದ್ದದ್ದು ಗಣಿಯ ಧೂಳು ಹತ್ತಿದ ಮೈಯಲ್ಲಿ, ಸ್ನಾನವಿಲ್ಲದೆ ಇನ್ನೊಬ್ಬರ ಮನೆ ಹೊಗಬಾರದು ಎಂಬ ಅವರ ರೂಢಿಯಿಂದ. ಟೋಪಿ ತೆಗೆದದ್ದು ಸ್ನೇಹಿತನ ಹೆಂಡತಿಗೆ ಮರ್ಯಾದೆ ಕೊಡಲು. ಇದೆಲ್ಲ ಅಕ್ಕ ಎಷ್ಟೋ ದಿನಗಳ ಮೇಲೆ ತಿಳಿಸಿ ಹೇಳಿದ್ದು. ಆ ಸಂಜೆ ಅವರು ಬಳೆಚೂರು ನೋಡಿ ಬಿಳಿಚಿಕೊಂಡಿದ್ದರು. ಗಂಡ ಬದುಕಿರುವಾಗ ಒಡೆದ ಬಳೆ! ಸರಸರ ತಮ್ಮ ಕೈಯ ಹಸಿರು ಬಳೆಗಳನ್ನು ಬಿಚ್ಚಿ, ರಕ್ತ ಒಸರುತ್ತಿದ್ದ ನನ್ನ ಕೈಗೆ ತುರುಕಿದರು.

ಅವನು ಇನ್ನೂ ಹೋಗಿರಲಿಲ್ಲ. ಏನನ್ನೋ ನೆನಪು ಮಾಡಿಕೊಳ್ಳುವವನ ಹಾಗೆ ಹಣೆ ಹಿಸುಕಿಕೊಂಡ. ತುಟಿ ಅಲುಗಿತು. ಕಡೆಗೆ ಪಾಠ ಒಪ್ಪಿಸುವ ಮಗುವಿನಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

"ಬ... ತ್ತೀ... ನಿ."

ಹೇಳಿ, ಸರಿಯೇ ಎಂದು ನನ್ನ ಮುಖ ನೋಡಿದ. ಕೆಳಗಿರುವ ನಮ್ಮವರು ಎಂಬಂತೆ ನೆಲ ತೋರಿಸಿ, ತನ್ನ ಬಾಯಿ ತೋರಿಸಿ, ಮತ್ತೆ ಹೇಳಿದ, "ಬತ್ತೀನಿ. ಬತ್ತೀನಿ." ಅವನಿಗೆ ಆ ಮಾತಿನ ಅರ್ಥ ಗೊತ್ತಿತ್ತೋ ಇಲ್ಲವೋ. ದಾರಿಯುದ್ದಕ್ಕೂ ಮರೆಯದಿರಲೆಂದು ಹೇಳಿಕೊಂಡೇ ಬಂದಿರಬೇಕು.

ಭೂಮಿತಾಯಿಯ ಹೊಟ್ಟೆಯೊಳಗೇ ನಿಂತುಕೊಂಡು, ಅವಳು ಕೇಳಿಸಿಕೊಳ್ಳುವ ಹಾಗೆಯೇ, ನನ್ನವರು ಆ ಮಾತು ಹೇಳಿ ಕಳಿಸಿದ್ದರು. ನನಗೆ ಸಂತೋಷವಾಗಬೇಕಿತ್ತು. ಹೆದರಿಕೆಯಾಯಿತು. ಹಟ ಹಿಡಿದು ಹೇಳಿಸಿದೆನಲ್ಲ, ಅವಳಿಗೆ ಸಿಟ್ಟು ಬಂದರೆ ಏನು ಗತಿ ಎಂದು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಅವನಿಗಾಗಿಯೂ ಮನೆಯಲ್ಲಿ ಹೆಂಡತಿ ಕಾಯುತ್ತಿರಬೇಕು ಎಂದು ಹೊಳೆದದ್ದು ಆಗಲೇ. ಅವನ ಕಡೆ ಬೆರಳು ಮಾಡಿ, ಮನೆ ಎಂಬಂತೆ ಕೈ ಜೋಡಿಸಿ ತೋರಿಸಿದೆ. ಅವನು ಕೋರಮಂಡಲ್ ಕಡೆ ನೋಡಿದ. ಇನ್ನೂ ಮನೆಗೇ ಹೋಗಿರಲಿಲ್ಲ. ಟೋಪಿ ತಲೆಗಿಟ್ಟುಕೊಂಡು ಓಡಿದ.

ಆ ರಾತ್ರಿ ಅಕ್ಕನೂ ನಾನೂ ದೀಪದ ಮುಂದೆ ಕುಳಿತೇ ಇದ್ದೆವು. ಬೆಳಗಿನ ಪಾಳಿಯ ಸೈರನ್ ಆದ ಮೇಲೆ ನನ್ನವರು ಬಂದರು. ಕಣ್ಣು ಕೆಂಪಗೆ, ಭುಜ ತರಚಿತ್ತು. ಮೆಟ್ಟಿಲ ಬಳಿ ಇನ್ನೂ ಉಳಿದಿದ್ದ ಒಂದು ಕೆಂಪು ಚೂರನ್ನು ನೋಡಿದರು. ನನ್ನ ಬಲಗೈಯ ಹಸಿರು ಬಳೆ ನೋಡಿದರು, ಎಡಗೈಯ ಕೆಂಪು ಬಳೆ ನೋಡಿದರು.

"ಬಳೆ ಯಾಕೊಡೆದ್ವು?"

"ನೀರು ಸೇದಕ್ಕೋಗಿ."

ನಮ್ಮ ಸಾಲಿಗೆ ಬಾವಿಯೇ ಇಲ್ಲ, ಇರುವುದು ನಲ್ಲಿ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಸ್ನಾನಕ್ಕೆ ಹೋದರು. ನಾನು ಮಣ್ಣು ಕೊಡವಿ ಅಮ್ಮನ ಕಾರ್ಡು ಮುಗಿಸಿದೆ. ಮೊದಲ ಸಾಲನ್ನು ತಿದ್ದಲಿಲ್ಲ.

ಮಾರನೆಯ ದಿನ ಮತ್ತೆ ಪಾಳಿ. ಅವರು ಕ್ಯಾರಿಯರ್ ಹಿಡಿದು ಹೊಸ್ತಿಲಿಗೆ ಹೋಗಿ, ಹೊರಗೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು.

"ಬತ್ತೀನಿ."

ಅಷ್ಟು ಮಾತಾಡುವ ನಾನು ಸುಮ್ಮನೆ ತಲೆ ಆಡಿಸಿದೆ. ಅವರು ಹೋಗಲಿಲ್ಲ, ಅಲ್ಲೇ ನಿಂತರು.

"ಬಾಯ್ಬಿಟ್ಟು ಯೋಳು," ಅಂದರು.

"ಓಗ್ಬನ್ನಿ," ಅಂದೆ.