ನಾನು ಬೆಳಗಿಟ್ಟ ತೋಟಾಗಳು

ಇವತ್ತು ಹಿತ್ತಾಳೆ ದೀಪದ ಕಿಲುಬನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದೆ. ಆ ಹುಳಿ ವಾಸನೆಗೆ ಕೈ ನಿಂತುಹೋಯಿತು.

ನಾನು ಚಿಕ್ಕವಳಿದ್ದಾಗ ಮಾಕಳಿದುರ್ಗದ ತಪ್ಪಲಿನ ನಮ್ಮ ಹೊಲಕ್ಕೆ ಕಾಡುಹಂದಿಗಳು ನುಗ್ಗುತ್ತಿದ್ದವು. ತಾತ ರೈಫಲ್ಲಿನ ಹಿತ್ತಾಳೆ ತೋಟಾಗಳನ್ನು ಬಚ್ಚಲುಮನೆಯ ಗೂಡಿನಲ್ಲಿ ಇಡುತ್ತಿದ್ದರು. ಅಲ್ಲಿ ತೇವ ಹೆಚ್ಚು. ಒಂದು ದಿನ ಅವನ್ನೆಲ್ಲ ಜಗಲಿಯಲ್ಲಿ ಹರಡಿ, ತಿರುಗಿಸಿ ನೋಡಿ, ಹಸಿರುಗಟ್ಟಿದವನ್ನು ಬೇರೆ ಇಟ್ಟರು.

"ಇವು ಕೈಕೊಡ್ತವೆ ಕಣಮ್ಮ, ಮುಟ್ಬೇಡ" ಅಂದರು.

ಅವರು ಊಟಕ್ಕೆದ್ದಾಗ ಆ ಕೆಟ್ಟ ತೋಟಾಗಳನ್ನು ದೀಪದಂತೆಯೇ ಹುಣಸೆಹಣ್ಣಿನಲ್ಲಿ ಬೆಳಗಿ, ಒಳ್ಳೆಯವುಗಳ ಜೊತೆ ಸೇರಿಸಿಟ್ಟೆ. ತಾತ ಮೆಚ್ಚಿಕೊಳ್ಳಲಿ ಎಂದು.

ಮರುದಿನ ಬೆಳಗ್ಗೆ ಹೊಲದಲ್ಲಿ ಹಂದಿ ಎದುರಾದಾಗ ತೋಟಾ ಸಿಡಿಯಲಿಲ್ಲ. ಹಂದಿ ತಾತನ ತೊಡೆ ಸೀಳಿತು.

"ಆರಿಸೋಕೂ ಕಣ್ಣು ಕಾಣ್ದಂಗಾಯ್ತಲ್ಲ ನಂಗೆ" ಎಂದು, ಗಾಯ ಮಾಯ್ದ ಮೇಲೆ ಕುಂಟುತ್ತಲೇ ಹೋಗಿ ರೈಫಲ್ಲನ್ನು ಠಾಣೆಗೆ ಒಪ್ಪಿಸಿ ಬಂದರು. ಸಾಯುವವರೆಗೂ ಹಾಗೆಯೇ ನಂಬಿದ್ದರು. ನಾನು ಬಾಯಿ ಬಿಡಲಿಲ್ಲ.

ದೀಪವನ್ನು ಅರ್ಧಕ್ಕೇ ಬಿಟ್ಟು ಕೂತಿದ್ದೇನೆ. ತಾತನ ಕಣ್ಣು ಚೆನ್ನಾಗಿಯೇ ಇತ್ತು.